ಪುರದಿಂದ ಪಾವಗಡಕ್ಕೆ: ಎಂಜಿನಿಯರಿಗೆ ಕೆಲಸ ಎಲ್ಲಿದೆ?

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು ಹಳ್ಳಿಗಳಿಗಾಗಿ ‘ಅಸ್ತ್ರ’ ಕೇಂದ್ರ ಶುರು ಮಾಡಿದರು. ಅಲ್ಲಿನವರು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರದಲ್ಲಿ ಸಗಣಿ ಗ್ಯಾಸಿನಿಂದ ಕರೆಂಟ್ ತೆಗೆದು, 1980ರ ದಶಕದಲ್ಲೇ ಮನೆಗಳಿಗೆ ದೀಪ, ನಲ್ಲಿ ನೀರು ಕೊಟ್ಟರು. ಘಟಕ ನೋಡಿಕೊಂಡಿದ್ದು ತರಬೇತಿ ಪಡೆದ ಊರಿನ ಹುಡುಗರು.

2018ರಲ್ಲಿ ಅದೇ ಜಿಲ್ಲೆಯ ಪಾವಗಡದಲ್ಲಿ ಸೋಲಾರ್ ಪಾರ್ಕ್ ಬಂತು. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ. ಸಾಮರ್ಥ್ಯ 2,050 ಮೆಗಾವ್ಯಾಟ್. ಕಟ್ಟುವಾಗ ಬಹಳ ಜನಕ್ಕೆ ಕೆಲಸವಿತ್ತು. ಮುಗಿದ ಮೇಲೆ ಊರಿನವರಿಗೆ ಹೆಚ್ಚಾಗಿ ಉಳಿದದ್ದು ಹುಲ್ಲು ಕೀಳುವುದು, ಪ್ಯಾನೆಲ್ ತೊಳೆಯುವುದು, ಕಾವಲು. ಇನ್ವರ್ಟರ್, ಟ್ರಾನ್ಸ್‌ಫಾರ್ಮರ್ ನೋಡಿಕೊಳ್ಳಲು ಕೆಲವೇ ಎಂಜಿನಿಯರುಗಳು ಸಾಕು.

ಹಾಗಾಗಿ ಓದುವ ಮಕ್ಕಳು ದೊಡ್ಡ ಪಾರ್ಕುಗಳನ್ನಷ್ಟೇ ನಂಬಿ ಕೂರಬೇಡಿ. ಚಾವಣಿ ಸೋಲಾರ್, ಸೋಲಾರ್ ಪಂಪ್‌ಸೆಟ್, ಬ್ಯಾಟರಿ ಕೆಟ್ಟರೆ ರಿಪೇರಿ ಊರಲ್ಲೇ ಆಗಬೇಕು. ಆ ಕೆಲಸ ಕಲಿಯಿರಿ.