ಗಡಸು ನೀರಿನ ಊರಿನಲ್ಲಿ ಟಾಪ್ ಲೋಡ್ ವಾಷಿಂಗ್ ಮೆಷಿನ್: ಆರೈಕೆ ಮತ್ತು ದುರಸ್ತಿ

ನೀರು ಹನಿಹನಿಯಾಗಿ ತುಂಬುತ್ತದೆ, ಬಟ್ಟೆಯ ಮೇಲೆ ಬಿಳಿ ಪುಡಿ ಉಳಿಯುತ್ತದೆ, ಹಿಂಡುವಾಗ ಯಂತ್ರ ಗಡಗಡ ನಡುಗುತ್ತದೆ. ಬಾದಾಮಿ ತಾಲ್ಲೂಕಿನ ಕೆರೂರಿನಂಥ ಊರುಗಳಲ್ಲಿ ಮೇಲಿನಿಂದ ಬಟ್ಟೆ ತುಂಬುವ ವಾಷಿಂಗ್ ಮೆಷಿನ್ ಕೊಂಡವರು ಮೂರು-ನಾಲ್ಕು ವರ್ಷಗಳಲ್ಲಿ ಹೇಳತೊಡಗುವ ದೂರುಗಳು ಇವು. ಹೆಚ್ಚಿನವರ ಮೊದಲ ಸಂಶಯ ಮೋಟಾರಿನ ಮೇಲೆ. ಆದರೆ ಈ ಮೂರರಲ್ಲಿ ಒಂದಕ್ಕೂ ಸಾಮಾನ್ಯವಾಗಿ ಮೋಟಾರು ಕಾರಣವಲ್ಲ. ಈ ಭಾಗದಲ್ಲಿ ಯಂತ್ರವನ್ನು ಮೊದಲು ಕೆಡಿಸುವುದು ನೀರು; ವಿದ್ಯುತ್ತಿನ ಸರದಿ ಆಮೇಲೆ.

ಕೆರೂರ ಹುಬ್ಬಳ್ಳಿ-ವಿಜಯಪುರ ಹೆದ್ದಾರಿಯ ಮೇಲಿನ ಪಟ್ಟಣ. ಭೂವಿಜ್ಞಾನಿಗಳಿಗೆ ಈ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ: ಕಲಾದಗಿ ಶಿಲಾಪ್ರದೇಶದ ಮರಳುಗಲ್ಲಿನ ಒಂದು ಸ್ತರಕ್ಕೆ ಅವರು ಕೆರೂರಿನ ಹೆಸರನ್ನೇ ಇಟ್ಟಿದ್ದಾರೆ. ಮರಳುಗಲ್ಲು ತಾನಾಗಿ ನೀರನ್ನು ಗಡಸು ಮಾಡುವುದಿಲ್ಲ. ಆದರೆ ಇದೇ ಪ್ರದೇಶದ ಬಾಗಲಕೋಟೆ, ಲೋಕಾಪುರ ಭಾಗಗಳಲ್ಲಿ ಸುಣ್ಣಕಲ್ಲು ಮತ್ತು ಡೋಲೊಮೈಟ್ ಹೇರಳವಾಗಿವೆ. ಮಳೆನೀರು ಇಂಥ ಕಲ್ಲಿನ ಬಿರುಕುಗಳಲ್ಲಿ ಇಳಿದು ಕೊಳವೆಬಾವಿ ಸೇರುವಷ್ಟರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಸ್ನಾನದ ಹಂಡೆಯ ಒಳಮೈಗೆ ಹತ್ತುವ ಬಿಳಿ ಹೊಪ್ಪಳಿಕೆ ಈ ಲವಣಗಳದ್ದೇ.

ಕುಡಿಯುವ ನೀರಿನ ಭಾರತೀಯ ಮಾನಕ (2012ರ ಪರಿಷ್ಕರಣೆ) ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಹೇಳುತ್ತದೆ. ಬೇರೆ ಮೂಲ ಇಲ್ಲದ ಕಡೆ 600ರವರೆಗೆ ಸಮ್ಮತಿಸುತ್ತದೆ. 600 ಮಿಲಿಗ್ರಾಂ ಗಡಸುತನದ ನೀರು ಒಂದು ಒಗೆತಕ್ಕೆ 100 ಲೀಟರಿನಷ್ಟು ಬೇಕಾದರೆ, ಆ ನೀರಿನೊಡನೆ ಯಂತ್ರವನ್ನು ಹಾದು ಹೋಗುವ ಲವಣ 60 ಗ್ರಾಂ. ವಾರಕ್ಕೆ 3 ಒಗೆತವೆಂದರೆ ವರ್ಷಕ್ಕೆ 9 ಕಿಲೋಗೆ ಮೀರುತ್ತದೆ. ಬಹುಪಾಲು ಚರಂಡಿಗೆ ಹೋಗುತ್ತದೆ, ನಿಜ. ಉಳಿಯುವ ಅಲ್ಪಭಾಗವೇ ವಾಲ್ವಿನ ಜಾಲರಿಯಲ್ಲಿ, ತೊಟ್ಟಿಯ ಹಿಂಬದಿಯಲ್ಲಿ, ರಬ್ಬರ್ ಸೀಲಿನ ಅಂಚಿನಲ್ಲಿ ಕುಳಿತು ಕೆಲಸ ಕೆಡಿಸುತ್ತದೆ.

ಪದರ ಕಟ್ಟುವ ಬಗೆ

ಟಾಪ್ ಲೋಡ್ ಯಂತ್ರದಲ್ಲಿ ಎರಡು ತೊಟ್ಟಿಗಳಿವೆ. ಕಣ್ಣಿಗೆ ಕಾಣುವುದು ತೂತುಗಳಿರುವ ಒಳತೊಟ್ಟಿ. ಅದನ್ನು ಸುತ್ತುವರಿದು ನೀರು ಹಿಡಿದಿಡುವ ಪ್ಲಾಸ್ಟಿಕ್ ಹೊರತೊಟ್ಟಿ ಕಾಣುವುದಿಲ್ಲ. ಕೊಳೆ ಕೂಡುವುದು ಇವೆರಡರ ನಡುವಿನ ಸಂದಿಯಲ್ಲಿ. ನೀರು ಕಾಯಿಸುವ ಹೀಟರ್ ಇಲ್ಲದ ಯಂತ್ರದಲ್ಲಿಯೂ ಪದರ ಕಟ್ಟುವುದಕ್ಕೆ ಕಾರಣ ಬಟ್ಟೆ ಪುಡಿಯಲ್ಲಿರುವ ವಾಷಿಂಗ್ ಸೋಡಾ. ಅದು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಸುಣ್ಣದ ಸಣ್ಣ ಕಣಗಳನ್ನು ಉಂಟುಮಾಡುತ್ತದೆ. ಬಟ್ಟೆಯ ನೂಲು, ಮೈಯ ಜಿಡ್ಡು, ಕರಗದ ಪುಡಿ ಅದಕ್ಕೆ ಅಂಟಿ ಬೂದುಬಣ್ಣದ ಲೇಪವಾಗುತ್ತದೆ. ಒಗೆದ ಬಟ್ಟೆಗೆ ಮುಗ್ಗಲು ವಾಸನೆ ಬಂದರೆ, ಕಪ್ಪು ಚೂರುಗಳು ಅಂಟಿಕೊಂಡು ಬಂದರೆ ಈ ಲೇಪ ಕಳಚತೊಡಗಿದೆ ಎಂದು ತಿಳಿಯಬೇಕು.

ಬಾರ್ ಸೋಪನ್ನು ತುರಿದು ಯಂತ್ರಕ್ಕೆ ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ಗಡಸು ನೀರಿನಲ್ಲಿ ಇದಕ್ಕಿಂತ ಕೆಟ್ಟ ಉಳಿತಾಯ ಬೇರೊಂದಿಲ್ಲ. ಎಣ್ಣೆಯಿಂದ ತಯಾರಾದ ಸೋಪು ಕ್ಯಾಲ್ಸಿಯಂ ಜೊತೆ ಕೂಡಿ ನೊರೆಗಿಂತ ಮೊದಲು ಗಸಿಯನ್ನೇ ಕೊಡುತ್ತದೆ. ಟಾಪ್ ಲೋಡ್ ಯಂತ್ರಕ್ಕೆಂದೇ ಮಾರುವ ಪುಡಿ ಅಥವಾ ದ್ರವವನ್ನು ಬಳಸಬೇಕು. ಪುಡಿಯನ್ನು ಒಂದು ಮಗ್ ನೀರಿನಲ್ಲಿ ಕದಡಿ ಹಾಕಿದರೆ ಬಟ್ಟೆಯ ಮೇಲೆ ಉಳಿಯುವ ಬಿಳಿ ಗುರುತು ಬಹುಮಟ್ಟಿಗೆ ಇಲ್ಲವಾಗುತ್ತದೆ.

ಲೇಪ ತೆಗೆಯಲು ದುಬಾರಿ ಪೊಟ್ಟಣವೇ ಬೇಕೆಂದಿಲ್ಲ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂಬ ಹೆಸರಿನಲ್ಲಿ ದೊರೆಯುವ ಸಿಟ್ರಿಕ್ ಆಮ್ಲ ಸಾಕು. ಬಟ್ಟೆ ಇಲ್ಲದ ತೊಟ್ಟಿಗೆ ಗರಿಷ್ಠ ಮಟ್ಟದವರೆಗೆ, ಕೈ ತಾಳುವಷ್ಟು ಬಿಸಿಯಾದ ನೀರು ತುಂಬಿ, 150ರಿಂದ 200 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಐದು ನಿಮಿಷ ತಿರುಗಿಸಿ, ಒಂದು ಗಂಟೆ ಹಾಗೆಯೇ ಬಿಡಬೇಕು. ಮತ್ತೆ ತಿರುಗಿಸಿ ನೀರು ಹೊರಬಿಟ್ಟು ಎರಡು ಬಾರಿ ಜಾಲಿಸಬೇಕು. ಕುದಿಯುವ ನೀರು ಹಾಕಬಾರದು. ಪ್ಲಾಸ್ಟಿಕ್ ಮತ್ತು ರಬ್ಬರ್ ತಾಳುವುದಿಲ್ಲ. ಕೊಳವೆಬಾವಿ ನೀರಿಗೆ ಎರಡು ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಸಾಕಾಗುತ್ತದೆ.

ಒಂದು ಎಚ್ಚರಿಕೆ ಮುಖ್ಯ. ಸಿಟ್ರಿಕ್ ಆಮ್ಲ ಅಥವಾ ವಿನೆಗರ್ ಹಾಕಿದ ದಿನ ಬ್ಲೀಚಿಂಗ್ ಪುಡಿಯನ್ನಾಗಲಿ, ಬ್ಲೀಚ್ ದ್ರವವನ್ನಾಗಲಿ ಸೇರಿಸಲೇಬಾರದು. ಆಮ್ಲ ಮತ್ತು ಬ್ಲೀಚ್ ಕೂಡಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಕಿಟಕಿಯಿಲ್ಲದ ಬಚ್ಚಲುಮನೆಯಲ್ಲಿ ಇದು ಜೀವಕ್ಕೇ ಅಪಾಯ.

ಪೈಪಿಗೆ ಸಿಕ್ಕಿಸುವ ಅಯಸ್ಕಾಂತದ ಉಂಗುರಗಳಿಂದ ನೀರಿನ ಗಡಸುತನ ಇಳಿಯುವುದಿಲ್ಲ. ಇಳಿಸಬೇಕಾದರೆ ಉಪ್ಪಿನಿಂದ ಪುನಶ್ಚೇತನಗೊಳಿಸುವ ರಾಳದ ಸಾಫ್ಟ್‌ನರ್ ಬೇಕು. ಅದರ ಖರ್ಚು ಒಂದು ಯಂತ್ರಕ್ಕೆ ಹೊರೆಯೇ. ಇಡೀ ಮನೆಗೆ ಅಳವಡಿಸಿದರೆ ಲೆಕ್ಕ ಬೇರೆ. ಮಳೆನೀರು ಹಿಡಿದಿಡುವ ತೊಟ್ಟಿ ಇದ್ದವರಿಗೆ ಇದಾವುದೂ ಬೇಡ. ಮಳೆನೀರಿಗಿಂತ ಮೆದುವಾದ ನೀರಿಲ್ಲ.

ನೀರು ತುಂಬದಿದ್ದರೆ

ಪ್ಲಗ್ ಕಿತ್ತು, ನಲ್ಲಿ ಮುಚ್ಚಿ, ಯಂತ್ರದ ಹಿಂಬದಿಗೆ ಸೇರುವ ಕೊಳವೆಯನ್ನು ಬಿಚ್ಚಬೇಕು. ವಾಲ್ವಿನ ಬಾಯಲ್ಲಿ ಬೆರಳಿನ ಉಗುರಿನಷ್ಟು ಅಗಲದ ಜಾಲರಿ ಇರುತ್ತದೆ. ಚಿಮಟದಿಂದ ಮೆಲ್ಲಗೆ ಹೊರತೆಗೆದು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಮರಳು, ತುಕ್ಕು, ಸುಣ್ಣದ ಹರಳು ಉದುರುತ್ತವೆ. ಜಿಗುಟಾಗಿದ್ದರೆ ನಿಂಬೆ ಉಪ್ಪಿನ ನೀರಿನಲ್ಲಿ ನೆನೆಸಬೇಕು. ಸ್ಕ್ರೂಡ್ರೈವರ್ ಒಂದೂ ಬೇಡದ ಈ ಹತ್ತು ನಿಮಿಷದ ಕೆಲಸಕ್ಕೆ ಬಾಗಲಕೋಟೆಯಿಂದಲೋ ಹುಬ್ಬಳ್ಳಿಯಿಂದಲೋ ತಂತ್ರಜ್ಞರನ್ನು ಕರೆಸಿ ಭೇಟಿ ಶುಲ್ಕ ತೆರುವವರುಂಟು.

ಜಾಲರಿ ಶುಚಿಯಾಗಿದ್ದೂ ನೀರು ಸಣ್ಣಗೆ ಬಂದರೆ ಟ್ಯಾಂಕಿನ ಎತ್ತರ ನೋಡಬೇಕು. ಹಲವು ಯಂತ್ರಗಳ ವಾಲ್ವ್ ಸರಿಯಾಗಿ ತೆರೆಯಲು ಕನಿಷ್ಠ 0.3 ಬಾರ್ ಒತ್ತಡ ಬೇಕು. ಅಂದರೆ ಟ್ಯಾಂಕಿನ ನೀರಿನ ಮಟ್ಟ ವಾಲ್ವಿಗಿಂತ ಸುಮಾರು 3 ಮೀಟರ್ ಮೇಲಿರಬೇಕು. ಟ್ಯಾಂಕು ಮಾಳಿಗೆಯ ಮೇಲಿದ್ದು ಯಂತ್ರವೂ ಮಾಳಿಗೆಯ ಮೇಲಿದ್ದರೆ ಆ ಒತ್ತಡ ಸಿಗದು. ಯಂತ್ರವನ್ನು ಕೆಳಗಿಳಿಸುವುದು ಅಥವಾ ಸಣ್ಣ ಪ್ರೆಷರ್ ಪಂಪು ಅಳವಡಿಸುವುದು ಮಾತ್ರ ಪರಿಹಾರ. ವಾಲ್ವ್ ಬದಲಿಸಿ ಪ್ರಯೋಜನವಿಲ್ಲ.

ನೀರು ನಿಲ್ಲದೆ ತುಂಬಿ ಹರಿದರೆ ಸಂಶಯ ಬೇರೆ ಎರಡರ ಮೇಲೆ. ಹೊರತೊಟ್ಟಿಯ ತಳದಿಂದ ಮೇಲಿನ ಮಟ್ಟಸೂಚಕಕ್ಕೆ ಸಣ್ಣ ಗಾಳಿನಳಿಕೆ ಹೋಗಿರುತ್ತದೆ. ನೀರು ಏರಿದಂತೆ ಅದರೊಳಗಿನ ಗಾಳಿ ಒತ್ತಿ ಮಟ್ಟ ತಿಳಿಸುತ್ತದೆ. ಗಸಿ ಕಟ್ಟಿದರೆ ಅಥವಾ ನಳಿಕೆ ಕಳಚಿದರೆ ಯಂತ್ರಕ್ಕೆ ಮಟ್ಟವೇ ತಿಳಿಯದು. ಪ್ಲಗ್ ಕಿತ್ತ ಮೇಲೂ ನೀರು ಬರುತ್ತಿದ್ದರೆ ಮಾತ್ರ ದೋಷ ವಾಲ್ವಿನದು.

ಹೊರಹೋಗದ ನೀರು, ತಿರುಗದ ತೊಟ್ಟಿ

ಹೆಚ್ಚಿನ ಟಾಪ್ ಲೋಡ್ ಯಂತ್ರಗಳಲ್ಲಿ ನೀರು ಹೊರಹಾಕುವ ಪಂಪು ಇರುವುದಿಲ್ಲ. ನೀರು ತನ್ನ ಭಾರದಿಂದಲೇ ಇಳಿದು ಹೋಗಬೇಕು. ಹೊರಕೊಳವೆಯನ್ನು ಕಟ್ಟೆಯ ಮೇಲೆ ಏರಿಸಿದರೆ ಅಥವಾ ತುದಿ ಚರಂಡಿಯ ನೀರಿನಲ್ಲಿ ಮುಳುಗಿದರೆ ತೊಟ್ಟಿ ಬರಿದಾಗದು. ಬರಿದಾಗದ ತೊಟ್ಟಿ ಹಿಂಡಲು ತಿರುಗದು. ಕೊಳವೆ ಸರಿಯಿದ್ದರೆ ಡ್ರೇನ್ ವಾಲ್ವಿನಲ್ಲಿ ನಾಣ್ಯ, ಪಿನ್ನು, ಗುಂಡಿ ಸಿಕ್ಕಿರಬಹುದು. ಜೇಬು ತಡವಿ ಬಟ್ಟೆ ಹಾಕುವ ಅಭ್ಯಾಸ ಇಲ್ಲದ ಮನೆಯಲ್ಲಿ ಇದು ಮತ್ತೆ ಮತ್ತೆ ಬರುವ ದುರಸ್ತಿ.

ಹಿಂಡುವಾಗ ಯಂತ್ರ ಕುಣಿದು ಜಾಗ ಬಿಡುವುದಕ್ಕೆ ಮೊದಲ ಕಾರಣ ನೆಲ. ಶಹಾಬಾದಿ ಹಾಸುಗಲ್ಲಿನ ನೆಲ ಬಚ್ಚಲಿನ ಕಡೆಗೆ ಇಳಿಜಾರಾಗಿರುತ್ತದೆ. ಹೊಂದಿಸುವ ಕಾಲನ್ನು ತಿರುಗಿಸಿ, ನಾಲ್ಕು ಮೂಲೆ ಒತ್ತಿದರೂ ಅಲ್ಲಾಡದಂತೆ ಮಾಡಬೇಕು. ಎರಡನೆಯ ಕಾರಣ ಬಟ್ಟೆಯೇ: ಒಂದೇ ದಪ್ಪ ಕೌದಿಯನ್ನು ಹಾಕಿದರೆ ನೀರು ಕುಡಿದು ಒಂದು ಬದಿಗೆ ಜೋತುಬೀಳುತ್ತದೆ. ಕೌದಿ ಯಂತ್ರದ ಕೆಲಸವಲ್ಲ. ಅದನ್ನು ಕಲ್ಲಿನ ಮೇಲೆ ಒಗೆಯುವುದೇ ಲೇಸು. ಇವೆರಡೂ ಅಲ್ಲದಿದ್ದರೆ ಹೊರತೊಟ್ಟಿಯನ್ನು ತೂಗುಹಾಕಿರುವ ನಾಲ್ಕು ಸ್ಪ್ರಿಂಗ್ ಸರಳುಗಳಲ್ಲಿ ಒಂದು ಸಡಿಲಾಗಿರುತ್ತದೆ. ಒಂದು ಹೋದರೆ ನಾಲ್ಕನ್ನೂ ಬದಲಿಸುವುದು ಲಾಭ.

ಮೋಟಾರು ಗುಂಯ್‌ಗುಡುತ್ತಿದ್ದು ತಿರುಗದಿದ್ದರೆ ತಕ್ಷಣ ನಿಲ್ಲಿಸಬೇಕು. ವೋಲ್ಟೇಜ್ ಕುಸಿದಿರಬಹುದು, ಪಂಪ್‌ಸೆಟ್‌ಗಳು ನಡೆಯುವ ಹೊತ್ತಿನಲ್ಲಿ ಇದು ಅಪರೂಪವಲ್ಲ. 230 ವೋಲ್ಟಿನ ಆಸುಪಾಸು ಇದ್ದೂ ತಿರುಗದಿದ್ದರೆ ಕೆಪಾಸಿಟರ್ ಅಥವಾ ಬೆಲ್ಟನ್ನು ನೋಡಬೇಕು. ಕೆಪಾಸಿಟರ್ ಅಗ್ಗದ ಭಾಗ, ಆದರೆ ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದು. ಅನುಭವವಿಲ್ಲದ ಕೈ ಅದನ್ನು ಮುಟ್ಟಬಾರದು.

ಬೀಸುವ ಕಲ್ಲಿನಂಥ ಗುರುಗುರು ಸದ್ದು, ಯಂತ್ರದ ಅಡಿಯಲ್ಲಿ ತುಕ್ಕುಬಣ್ಣದ ಹನಿ ಇವೆರಡೂ ಒಟ್ಟಿಗೆ ಕಂಡರೆ ದಂಡದ ಸೀಲು ಸವೆದು ನೀರು ಬೇರಿಂಗಿಗೆ ಇಳಿದಿದೆ ಎಂದರ್ಥ. ಇದು ಮನೆಯ ಕೆಲಸವಲ್ಲ, ಖರ್ಚೂ ಸಣ್ಣದಲ್ಲ. ಮುಂದೂಡಿದಷ್ಟೂ ಗೇರ್‌ಬಾಕ್ಸಿಗೆ ಹಾನಿ ಹರಡುತ್ತದೆ. ಎಂಟು-ಹತ್ತು ವರ್ಷ ದಾಟಿದ ಯಂತ್ರವಾದರೆ ದುರಸ್ತಿಯ ಅಂದಾಜನ್ನು ಮೊದಲೇ ಬರೆಸಿಕೊಂಡು ನಿರ್ಧರಿಸಬೇಕು.

ಯಂತ್ರದ ತಳ ತೆರೆದಿರುವುದರಿಂದ ಇಲಿಗಳು ಒಳಸೇರಿ ತಂತಿ ಕಡಿಯುತ್ತವೆ. ತಳಕ್ಕೆ ಬಿಗಿಯುವ ಜಾಲರಿ ಹಾಕಿಸಿದರೆ ಸರ್ಕ್ಯೂಟ್ ಬೋರ್ಡಿನ ಬೆಲೆ ಉಳಿಯುತ್ತದೆ.

ಅರ್ತಿಂಗ್

ಒದ್ದೆ ಕೈಗೆ ಯಂತ್ರದ ಮೈ ಜುಮ್ಮೆಂದರೆ ಅದನ್ನು ಸಣ್ಣ ಮಾತೆಂದು ಬಿಡಬಾರದು. ಒಣಭೂಮಿಯಲ್ಲಿ ಬೇಸಿಗೆಗೆ ಅರ್ತ್ ಗುಂಡಿ ಆರಿಹೋಗಿ ಭೂಸಂಪರ್ಕ ದುರ್ಬಲವಾಗುತ್ತದೆ. ಗುಂಡಿಗೆ ಆಗಾಗ ನೀರು ಹಾಕುತ್ತಿರಬೇಕು. ಎರಡು ಪಿನ್ನಿನ ಪ್ಲಗ್, ಉದ್ದನೆಯ ಎಕ್ಸ್‌ಟೆನ್ಷನ್ ಬಳಸಬಾರದು. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಅಳವಡಿಸಿದರೆ ಸೋರಿಕೆಯ ಕ್ಷಣದಲ್ಲೇ ವಿದ್ಯುತ್ತು ಕಡಿತವಾಗುತ್ತದೆ. ಜುಮ್ಮೆನ್ನುವ ಯಂತ್ರವನ್ನು ಪರೀಕ್ಷೆಯಾಗುವವರೆಗೆ ಬಳಸಲೇಬಾರದು.

ಅರೆ ಸ್ವಯಂಚಾಲಿತವೇ, ಪೂರ್ಣವೇ?

ದಿನ ಬಿಟ್ಟು ದಿನ ನಲ್ಲಿ ಬರುವ ಊರಿಗೆ ಎರಡು ತೊಟ್ಟಿಯ ಅರೆ ಸ್ವಯಂಚಾಲಿತ ಯಂತ್ರ ಇಂದಿಗೂ ಒಳ್ಳೆಯ ಆಯ್ಕೆ. ಕೊಡದಿಂದಲೂ ನೀರು ತುಂಬಬಹುದು, ಕೊನೆಯ ಜಾಲಿಸಿದ ನೀರನ್ನು ಮುಂದಿನ ಒಗೆತಕ್ಕೆ ಉಳಿಸಬಹುದು. ಮೋಟಾರು ಎರಡು ಇರುವುದರಿಂದ ಒಂದು ಕೆಟ್ಟರೆ ಅರ್ಧ ಕೆಲಸ ನಡೆಯುತ್ತದೆ. ಆದರೆ ಡ್ರೈಯರ್ ಮುಚ್ಚಳ ತೆರೆದ ಕೂಡಲೇ ತೊಟ್ಟಿ ನಿಲ್ಲುತ್ತದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಬ್ರೇಕ್ ಸಡಿಲಾದ ಡ್ರೈಯರಿಗೆ ಮಕ್ಕಳು ಕೈ ಹಾಕುವ ಅಪಾಯ ದೊಡ್ಡದು.

ಎರೆಮಣ್ಣು ಮೆತ್ತಿದ ಹೊಲದ ಬಟ್ಟೆಯನ್ನು ಒಮ್ಮೆ ಜಾಡಿಸಿ, ಬಕೆಟ್ಟಿನಲ್ಲಿ ತೊಳೆದು ಆಮೇಲೆ ಯಂತ್ರಕ್ಕೆ ಹಾಕಬೇಕು. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಕಸೂತಿ ಹಾಕಿದ ಬಟ್ಟೆ ಯಾವ ಯಂತ್ರಕ್ಕೂ ಸಲ್ಲವು. ಇಳಕಲ್ ಸೀರೆಯ ಒಡಲಿನ ಎಳೆಗಳನ್ನು ಸೆರಗಿನ ಎಳೆಗಳಿಗೆ ಕುಣಿಕೆ ಹಾಕಿ ಜೋಡಿಸಿರುತ್ತಾರೆ. ಪಲ್ಸೇಟರಿನ ಎಳೆತ ಆ ಜೋಡಣೆಗೆ ಒಳ್ಳೆಯದಲ್ಲ. ಹೊಸ ಸೀರೆಯ ಬಣ್ಣ ಬಿಟ್ಟರೆ ಜೊತೆಯ ಬಟ್ಟೆಗಳೂ ಹಾಳು. ತಣ್ಣೀರಿನಲ್ಲಿ ಪ್ರತ್ಯೇಕವಾಗಿ ಕೈಯಿಂದ ಒಗೆದು ನೆರಳಿನಲ್ಲಿ ಒಣಗಿಸಬೇಕು.

ದುರಸ್ತಿಗೆ ಕೊಟ್ಟಾಗ ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಬೇಕು, ರಸೀದಿಯಲ್ಲಿ ಭಾಗದ ಹೆಸರು ಬರೆಸಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ಆರಂಭಿಸಿದ ‘ದುರಸ್ತಿಯ ಹಕ್ಕು’ ಜಾಲತಾಣ ಗೃಹೋಪಯೋಗಿ ಯಂತ್ರಗಳನ್ನೂ ಒಳಗೊಂಡಿದೆ. ಬಿಡಿಭಾಗ, ವಾರಂಟಿ ಕುರಿತು ಕಂಪನಿ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.