ಇದ್ದೂ ಇಲ್ಲದ ಆಜ್ಞೆ

ಹೊಸ ತಂತ್ರಾಂಶವೊಂದನ್ನು ಸ್ಥಾಪಿಸಿ ಅದರ ಹೆಸರನ್ನು ಟೈಪಿಸಿದರೆ, 'ಅಂಥ ಆಜ್ಞೆ ಸಿಗಲಿಲ್ಲ' ಎಂದು ಗಣಕವು ಉತ್ತರಿಸುವುದುಂಟು. ಕಡತವೋ ಕಣ್ಣೆದುರಿಗೇ ಇರುತ್ತದೆ. ಸರ್ಕಾರಿ ನೌಕರರಾದ ನಮಗೆ ಇದು ಹೊಸತೇನಲ್ಲ. ವರ್ಗವಾಗಿ ಬಂದು ಕುರ್ಚಿಯಲ್ಲಿ ಕುಳಿತಿದ್ದರೂ ಹಾಜರಿ ಪುಸ್ತಕಕ್ಕೆ ಹೆಸರು ಏರುವವರೆಗೆ ನಾವು ಬಂದಿರುವುದೇ ಇಲ್ಲ.

ಆಜ್ಞೆಗಳನ್ನು ಕೇಳಿಸಿಕೊಳ್ಳುವ ಪದರಕ್ಕೆ 'ಶೆಲ್' ಎಂಬ ಹೆಸರಿಟ್ಟವರು ಫ್ರಾನ್ಸಿನ ಲೂಯಿ ಪೂಜಾಂ, 1960ರ ದಶಕದಲ್ಲಿ. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಯೂನಿಕ್ಸ್‌ಗಾಗಿ ಬರೆದ ಶೆಲ್‌ಗೆ ಹುಡುಕಬೇಕಾದ ತಾಣಗಳು ಬೆರಳೆಣಿಕೆಯಷ್ಟು; ಅವು ಅದರ ಒಡಲಲ್ಲೇ ಬರೆದಿದ್ದವು. 1979ರ ಯೂನಿಕ್ಸ್ ಏಳನೆಯ ಆವೃತ್ತಿಯೊಡನೆ ಬಂದ ಸ್ಟೀಫನ್ ಬೋರ್ನ್ ಅವರ ಶೆಲ್ ಆ ಪಟ್ಟಿಯನ್ನು ಬಳಕೆದಾರನ ಕೈಗಿತ್ತಿತು. ಅದೇ 'ಪಾತ್'. ಕೋಲನ್ ಚಿಹ್ನೆಯಿಂದ ಬೇರ್ಪಡಿಸಿದ ವಿಳಾಸಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಹುಡುಕುವುದು, ಮೊದಲು ಸಿಕ್ಕಿದ್ದನ್ನು ನಡೆಸುವುದು.

ಆದರೆ ಪ್ರತಿ ಆಜ್ಞೆಗೂ ಇಷ್ಟು ಬಾಗಿಲು ತಟ್ಟುವುದು ಅಂದಿನ ಯಂತ್ರಗಳಿಗೆ ಭಾರವೇ ಸರಿ. ಬರ್ಕ್ಲಿಯಲ್ಲಿ ಬಿಲ್ ಜಾಯ್ ರೂಪಿಸಿದ ಸಿ ಶೆಲ್ ಇದಕ್ಕೊಂದು ಉಪಾಯ ಹೂಡಿತು: ಆರಂಭದಲ್ಲೇ ಪಾತ್‌ನ ಕೋಶಗಳನ್ನೆಲ್ಲ ಓದಿ, ಯಾವ ಹೆಸರು ಎಲ್ಲಿರಬಹುದೆಂಬ ಕೋಷ್ಟಕವನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದು. ವೇಗವೇನೋ ದಕ್ಕಿತು. ಆದರೆ ಕೋಷ್ಟಕ ಸಿದ್ಧವಾದ ಮೇಲೆ ಬಂದ ಅತಿಥಿಗೆ ಅದರಲ್ಲಿ ಸ್ಥಳವಿಲ್ಲ. 'ರೀಹ್ಯಾಶ್' ಎಂಬ ಆಜ್ಞೆ ಹುಟ್ಟಿದ್ದು ಇದಕ್ಕಾಗಿ. ಪಟ್ಟಿಯನ್ನು ಮತ್ತೆ ಬರೆ ಎಂಬುದಷ್ಟೇ ಅದರ ಅರ್ಥ.

1989ರಲ್ಲಿ ಬ್ರಯನ್ ಫಾಕ್ಸ್ ಅವರಿಂದ ಬಂದ ಬ್ಯಾಶ್ ಹೀಗಲ್ಲ. ಒಮ್ಮೆ ನಡೆಸಿದ ಆಜ್ಞೆಯ ವಿಳಾಸವನ್ನು ಮಾತ್ರ ಅದು ನೆನಪಿಡುತ್ತದೆ. ಅರಿಯದ ಹೆಸರು ಬಂದರೆ ಹುಡುಕಿಯೇ ಹುಡುಕುತ್ತದೆ. ಹಾಗಾಗಿ ಹೊಸಬರಿಗೆ ತೊಂದರೆಯಿಲ್ಲ. ತೊಂದರೆಯೆಲ್ಲ ಹಳಬರದು. ಪಾತ್‌ನಲ್ಲಿ ಮುಂಚಿನ ಸಾಲಿಗೆ ಸೇರಿದ ಕೋಶದಲ್ಲಿ ಅದೇ ಹೆಸರಿನ ಹೊಸ ಆವೃತ್ತಿಯನ್ನು ಇಟ್ಟರೂ ಬ್ಯಾಶ್ ಹಳೆಯ ಮನೆಗೇ ಹೋಗುತ್ತದೆ, ಅದೂ ತುಟಿಪಿಟಕ್ಕೆನ್ನದೆ. ನಮ್ಮ ಮಟ್ಟಿಗೆ ಸಿ ಶೆಲ್‌ನ ಒರಟು ನಿರಾಕರಣೆಗಿಂತ ಈ ಮೌನವೇ ಹೆಚ್ಚು ಅಪಾಯಕಾರಿ. ಒಮ್ಮೆ ತಿದ್ದಿದ ತಂತ್ರಾಂಶವನ್ನು ಸ್ಥಾಪಿಸಿ, ಅದೇ ತಪ್ಪು ಮೊತ್ತಗಳು ಮತ್ತೆ ಮತ್ತೆ ಬರುವುದನ್ನು ಕಂಡು, ಸರಿಯಾಗಿಯೇ ಇದ್ದ ಲೆಕ್ಕವನ್ನು ಇಡೀ ಸಂಜೆ ತಿದ್ದುತ್ತ ಕುಳಿತವರು ನಾವು. 'ಹ್ಯಾಶ್ -ಆರ್' ಎಂದು ಟೈಪಿಸಿದ್ದರೆ ಆ ನೆನಪು ಅಳಿದು, ಹೊಸದು ಓಡುತ್ತಿತ್ತು.

ಕೊನೆಗೆ ಸಹೋದ್ಯೋಗಿಯೊಬ್ಬರು ಬಂದು, ಕಿಟಕಿ ಮುಚ್ಚಿ ಮತ್ತೆ ತೆರೆಯಿರಿ ಎಂದರು. ತೆರೆದೆವು; ಮೊತ್ತ ಸರಿಹೋಯಿತು. ಹೊಸ ಶೆಲ್ ಖಾಲಿ ನೆನಪಿನೊಡನೆ ಹುಟ್ಟುತ್ತದೆಂಬುದು ಅವರಿಗೂ ತಿಳಿದಿರಲಿಲ್ಲ.