ಕರಾವಳಿ ವ್ಯವಹಾರ ಕಲಿತ ಬಗೆ

ವಾಣಿಜ್ಯ ಅಥವಾ ಮ್ಯಾನೇಜ್‌ಮೆಂಟ್ ಓದಬೇಕೆಂದಿರುವ ನಿಮ್ಮಲ್ಲಿ ಅನೇಕರಿಗೆ ಮಂಗಳೂರು, ಮಣಿಪಾಲಗಳ ಹೆಸರು ಪರಿಚಿತವಾಗಿರಬಹುದು. ಅಲ್ಲಿ ಕಾಲೇಜುಗಳಿವೆ, ಸೀಟು ಸಿಗುವುದು ಕಷ್ಟ ಎಂಬುದೂ ಗೊತ್ತಿರಬಹುದು. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ಕಾಲೇಜುಗಳು ಬರುವುದಕ್ಕೆ ಬಹಳ ಹಿಂದೆಯೇ ಆ ಪುಟ್ಟ ಕರಾವಳಿಯಲ್ಲಿ ಬ್ಯಾಂಕುಗಳು ಸಾಲುಸಾಲಾಗಿ ಹುಟ್ಟಿಕೊಂಡವು. ಅವುಗಳನ್ನು ಕಟ್ಟಿದವರು ವ್ಯವಹಾರವನ್ನು ಕಲಿತದ್ದು ಎಲ್ಲಿ?

ಮೊದಲು ಆ ನೆಲದ ಆರ್ಥಿಕ ಲೆಕ್ಕವನ್ನು ನೋಡೋಣ. ತೋಟದ ಅಡಿಕೆ ಕೊಯ್ದ ಕೂಡಲೇ ಹಣವಾಗುವುದಿಲ್ಲ. ಅಂಗಳದಲ್ಲಿ ವಾರಗಟ್ಟಲೆ ಬಿಸಿಲಿಗೆ ಒಣಗಬೇಕು, ಸುಲಿಯಬೇಕು, ಆಮೇಲೆ ಪೇಟೆಗೆ ಹೋಗಬೇಕು. ಮಳೆಗಾಲದಲ್ಲಿ ಕಡಲಿಗೆ ಹಾಯಿಹಡಗು ಇಳಿಯುವಂತಿರಲಿಲ್ಲ. ಮಂಗಳೂರಿನ ಹಳೆಯ ಬಂದರಿನ ವ್ಯಾಪಾರ ಆ ತಿಂಗಳುಗಳಲ್ಲಿ ಹೆಚ್ಚು ಕಡಿಮೆ ನಿಂತೇ ಹೋಗುತ್ತಿತ್ತು. ಅಂದರೆ ಸರಕು ಕಣ್ಣೆದುರಿಗಿದ್ದರೂ ಕೈಯಲ್ಲಿ ಕಾಸಿಲ್ಲದ ಕಾಲ ಪ್ರತಿವರ್ಷವೂ ಬರುತ್ತಿತ್ತು. ಆಗ ಜನ ಹೋಗುತ್ತಿದ್ದುದು ಸಾಹುಕಾರರ ಮನೆಗೆ. ಬಡ್ಡಿಯ ದರ ಹೇಳುವವರು ಅವರೇ.

ಇನ್ನೊಂದು ಕಡೆ ಪೇಟೆ ಬೆಳೆಯುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬುವರು ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಮುಂದೆ ಮಂಗಳೂರು ಹಂಚು ಕಡಲು ದಾಟಿ ಹೋಯಿತು. ಘಟ್ಟದ ಮೇಲಿನ ಕಾಫಿ ಸಂಸ್ಕರಣೆಗಾಗಿ, ರಫ್ತಿಗಾಗಿ ಇಲ್ಲಿಗೇ ಇಳಿದು ಬರುತ್ತಿತ್ತು. 1907ರಲ್ಲಿ ಮಲಬಾರಿನ ಕಡೆಯಿಂದ ರೈಲೂ ಬಂತು. ಮದರಾಸು ಪ್ರಾಂತದ ಮೂಲೆಯಲ್ಲಿದ್ದ ಜಿಲ್ಲೆ ಮೂಲೆಯಾಗಿ ಉಳಿಯಲಿಲ್ಲ.

ಈಗ 1906ಕ್ಕೆ ಬನ್ನಿ. ಆ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆಲವರೊಡನೆ ಸೇರಿ ಒಂದು ಬ್ಯಾಂಕು ತೆರೆದರು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿಕೊಂಡದ್ದು ಅದೇ. ಬಂಡವಾಳ 5,000 ರೂಪಾಯಿ. ಮೊದಲ ದಿನ ಕೂಡಿಬಂದ ಹಣ 38 ರೂಪಾಯಿ 13 ಆಣೆ 2 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಎಂದು ಹಿಡಿದರೆ ಇಂದಿನ ದಶಮಾಂಶ ಲೆಕ್ಕದಲ್ಲಿ 38 ರೂಪಾಯಿ 82 ಪೈಸೆ. (ನಾನು ವಿಜ್ಞಾನ ಓದಿದವನು, ಇಂಥ ಲೆಕ್ಕ ಮಾಡಿ ನೋಡದಿದ್ದರೆ ಸಮಾಧಾನವಾಗುವುದಿಲ್ಲ.) ನನಗೆ ಮುಖ್ಯವೆನಿಸುವುದು ಆ 2 ಪೈ. ಅದನ್ನೂ ಬಿಡದೆ ಬರೆದಿಟ್ಟ ಕೈಗೆ ಕಿರ್ದಿ-ಖಾತೆಯ ಶಿಸ್ತು ಮೊದಲೇ ಗೊತ್ತಿತ್ತು. ಅಂಗಡಿಯ ಜಗಲಿಯಲ್ಲಿ ಕುಳಿತು ಹಿರಿಯರ ಕಣ್ಣೆದುರು ಕಲಿತ ವಿದ್ಯೆ ಅದು.

ಅದೇ ವರ್ಷ ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪಿಸಿದರು. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಇಲ್ಲಿ ವರ್ಷಗಳ ಕ್ರಮವನ್ನು ಗಮನಿಸಿ. ಪೈಗಳು ಕೆನರಾ ಹೈಸ್ಕೂಲನ್ನು ತೆರೆದದ್ದು 1891ರಲ್ಲಿ, ಹುಡುಗಿಯರ ಶಾಲೆಯನ್ನು 1894ರಲ್ಲಿ. ಶಾಲೆ ಮೊದಲು, ಬ್ಯಾಂಕು ಆಮೇಲೆ. ಓದುಬರಹ, ಇಂಗ್ಲಿಷು, ಲೆಕ್ಕ ಬಲ್ಲ ಹುಡುಗರ ಒಂದು ಪೀಳಿಗೆ ಸಿದ್ಧವಾಗಿರದಿದ್ದರೆ ಬ್ಯಾಂಕಿಗೆ ಗುಮಾಸ್ತರು ಎಲ್ಲಿಂದ ಬರಬೇಕಿತ್ತು?

ಆ ಕಾಲದಲ್ಲಿ ಠೇವಣಿ ಇಡುವುದು ಧೈರ್ಯದ ಕೆಲಸವೇ ಆಗಿತ್ತು. 1906ರ ಅಕ್ಟೋಬರಿನಲ್ಲಿ ಮದರಾಸಿನ ಹೆಸರಾಂತ ಆರ್ಬತ್‌ನಾಟ್ ಕಂಪೆನಿ ದಿವಾಳಿಯೆದ್ದಿತು. ಸಾವಿರಾರು ಜನರ ಉಳಿತಾಯ ಮುಳುಗಿತು. ದೊಡ್ಡ ಹೆಸರನ್ನು ನಂಬುವುದಕ್ಕಿಂತ ಗುರುತಿನ ಮುಖವನ್ನು ನಂಬುವುದು ಲೇಸು ಎಂದು ಜನರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಗುರುತಿನ ಮುಖ ಎಂದರೆ ಬಹುಮಟ್ಟಿಗೆ ಸ್ವಂತ ಸಮುದಾಯದ ಮುಖ. ಕರಾವಳಿಯ ಬ್ಯಾಂಕುಗಳ ಹಿಂದೆ ಒಂದೊಂದು ಸಮುದಾಯ ನಿಂತಿತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದು ಅವುಗಳ ಬಲವೂ ಹೌದು, ಮಿತಿಯೂ ಹೌದು. ಹಿಂದೆ ನಿಲ್ಲುವ ಶ್ರೀಮಂತರೇ ಇಲ್ಲದ ಸಮುದಾಯದವರಿಗೆ ಬಾಗಿಲು ಅಷ್ಟು ಸುಲಭವಾಗಿ ತೆರೆದಿರಲಾರದು. ಬ್ಯಾಂಕುಗಳ ಚರಿತ್ರೆ ಹೇಳುವವರು ಈ ಮಾತನ್ನು ಬೇಗ ದಾಟಿಬಿಡುತ್ತಾರೆ.

1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ಎ. ಬಿ. ಶೆಟ್ಟರ ಮುಂದಾಳುತನದಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಆದರೆ ನೀವು ನಿಂತು ನೋಡಬೇಕಾದದ್ದು ಇವೆರಡರ ನಡುವೆ, 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕನ್ನು. ಸ್ಥಾಪಕರು ಮೂವರು: ವ್ಯಾಪಾರಿ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ. ಎಂ. ಎ. ಪೈ. ಬಂಡವಾಳ 8,000 ರೂಪಾಯಿ. ಕೈಮಗ್ಗದ ಉದ್ಯಮ ಕುಸಿದು ಕಂಗಾಲಾಗಿದ್ದ ನೇಕಾರರಿಗೆ ನೆರವಾಗುವುದು ಉದ್ದೇಶ.

1928ರಲ್ಲಿ ಇವರು ಪಿಗ್ಮಿ ಠೇವಣಿ ಆರಂಭಿಸಿದರು. ಏಜೆಂಟ್ ದಿನವೂ ಮನೆ ಬಾಗಿಲಿಗೆ, ಅಂಗಡಿಗೆ ಬಂದು 2 ಆಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದ. ದಿನವೂ ಏಕೆ? ಕೂಲಿ ದಿನವೂ ಬರುತ್ತದೆ, ದಿನವೂ ಕರಗುತ್ತದೆ. ತಿಂಗಳ ಕೊನೆಗೆ ಕೇಳಿದರೆ ಇರುವುದಿಲ್ಲ. ದಿನಕ್ಕೆ 2 ಆಣೆಯಂತೆ ವರ್ಷಕ್ಕೆ 730 ಆಣೆ, ಅಂದರೆ ಬಡ್ಡಿ ಬಿಟ್ಟು 45 ರೂಪಾಯಿ 10 ಆಣೆ. ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವ ಮೀನು ಮಾರುವವಳಿಗೆ ಅದು ದೊಡ್ಡ ಗಂಟು. ಬ್ಯಾಂಕಿಗಾದರೋ ಹಣದ ಜೊತೆಗೆ ಇನ್ನೊಂದು ಲಾಭವಿತ್ತು. ಯಾರ ಮನೆಯಲ್ಲಿ ಕಷ್ಟವಿದೆ, ಯಾರು ಮಾತಿಗೆ ತಪ್ಪುವುದಿಲ್ಲ ಎಂಬುದು ದಿನವೂ ಬಾಗಿಲಿಗೆ ಹೋಗುವವನಿಗೆ ತಿಳಿಯದೆ ಇರುವುದಿಲ್ಲ. ಸಾಲ ಕೊಡುವವನಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಯಾವುದಿದೆ?

ಕಾಲೇಜುಗಳ ಕಥೆ ಇಲ್ಲಿಂದಲೇ ಮುಂದುವರಿಯುತ್ತದೆ. ಟಿ. ಎಂ. ಎ. ಪೈಗಳು 1942ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಕಟ್ಟಿದರು. ಕಸ್ತೂರಬಾ ವೈದ್ಯಕೀಯ ಕಾಲೇಜು 1953ರಲ್ಲಿ ಬಂತು. ಊರಿನಲ್ಲಿ ಓದಲಾಗದ ಬಡ ಹುಡುಗರಿಗೆ ಬೇರೊಂದು ದಾರಿಯಿತ್ತು: ಮುಂಬಯಿ. ಹಗಲು ಉಡುಪಿ ಹೋಟೆಲಿನಲ್ಲಿ ದುಡಿತ, ರಾತ್ರಿ ಕನ್ನಡ ಶಾಲೆಯಲ್ಲಿ ಪಾಠ. ಲೋಟ ತೊಳೆದವರು ಗಲ್ಲಾಪೆಟ್ಟಿಗೆಗೆ, ಅಲ್ಲಿಂದ ಸ್ವಂತ ಹೋಟೆಲಿಗೆ ಏರಿದ ಉದಾಹರಣೆಗಳು ಬೇಕಾದಷ್ಟಿವೆ. ವ್ಯವಹಾರ ಶಾಸ್ತ್ರದ ತರಗತಿಗೆ ಅದೇನೂ ಕಡಿಮೆಯದಲ್ಲ. ಆದರೆ ಆ ಹುಡುಗರು ತೆತ್ತ ಬೆಲೆ, ಅಂದರೆ ಕಳೆದುಹೋದ ಬಾಲ್ಯ, ಯಾವ ಖಾತೆಯಲ್ಲೂ ನಮೂದಾಗಿಲ್ಲ.

ಟಿ. ಎ. ಪೈಗಳು ಸಿಂಡಿಕೇಟ್ ಬ್ಯಾಂಕನ್ನು ಬೆಳೆಸಿ, 1965ರಲ್ಲಿ ಭಾರತ ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿ, ಬಳಿಕ ಕೇಂದ್ರ ಮಂತ್ರಿಯಾದವರು. 1980ರ ದಶಕದಲ್ಲಿ ಅವರ ಹೆಸರಿನ ಮ್ಯಾನೇಜ್‌ಮೆಂಟ್ ಸಂಸ್ಥೆ ಮಣಿಪಾಲದಲ್ಲಿ ತಲೆಯೆತ್ತಿತು. ಜಗಲಿಯಿಂದ ತರಗತಿಗೆ ಬರಲು ಕರಾವಳಿ ಮುಕ್ಕಾಲು ಶತಮಾನ ತೆಗೆದುಕೊಂಡಿತು.

ಕೆನರಾ, ಸಿಂಡಿಕೇಟ್ ಬ್ಯಾಂಕುಗಳು 1969ರಲ್ಲಿ ರಾಷ್ಟ್ರೀಕೃತವಾದವು. ಕಾರ್ಪೊರೇಷನ್, ವಿಜಯಾ 1980ರಲ್ಲಿ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಮರುವರ್ಷ ಅದೇ ದಿನ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲೂ, ಸಿಂಡಿಕೇಟ್ ಕೆನರಾದಲ್ಲೂ ಸೇರಿಹೋದವು. ದೊಡ್ಡ ಬ್ಯಾಂಕು ದೊಡ್ಡ ನಷ್ಟವನ್ನು ತಾಳಬಲ್ಲದು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಸಾಲದ ಅರ್ಜಿಯನ್ನು ಎಲ್ಲೋ ದೂರದ ಕಚೇರಿಯ ಗಣಕಯಂತ್ರ ತೂಗಿ ನೋಡುವಾಗ, ಪಿಗ್ಮಿ ಏಜೆಂಟನ ತಲೆಯಲ್ಲಿದ್ದ ಮಾಹಿತಿಯನ್ನು ಅದಕ್ಕೆ ಯಾರು ಕೊಡುತ್ತಾರೆ? ನಿಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರ ಹುಡುಕಿ. ಮನೆಯಲ್ಲಿ ಹಳೆಯ ಪಿಗ್ಮಿ ಪುಸ್ತಕವೇನಾದರೂ ಇದ್ದರೆ ಅದನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಯಾವ ತಿಂಗಳಲ್ಲಿ ಕಂತು ತಪ್ಪಿದೆ, ಏಕೆ ತಪ್ಪಿತು ಎಂದು ಅಜ್ಜಿಯನ್ನು ಕೇಳಿ.